ಮೊದಲೇ ಕಲಿತದ್ದು ಲೆಕ್ಕಕ್ಕೆ ಬರುವುದೇ?

ಹುಮನಾಬಾದ, ಬಸವಕಲ್ಯಾಣದ ಕಡೆ ಹತ್ತನೆಯ ಇಯತ್ತೆ ಪಾಸಾದ ಹುಡುಗನನ್ನು 'ಈಗ ಏನು ಮಾಡ್ತೀಯಪ್ಪ?' ಎಂದು ಕೇಳಿ ನೋಡಿ. 'ಕಾಲೇಜಿಗೆ ಹೋಗ್ತೀನ್ರಿ' ಎನ್ನುತ್ತಾನೆ. ವಯಸ್ಸು ಹದಿನಾರು, ಓದುವುದು ಹನ್ನೊಂದನೆಯ ತರಗತಿ. ಯೂನಿಫಾರ್ಮು ಇದೆ, ಹಾಜರಿ ಇದೆ, ಮನೆಗೆ ತಡವಾಗಿ ಬಂದರೆ ಅಪ್ಪನ ಬೈಗುಳವೂ ಇದೆ. ಆದರೂ ಅದು ಕಾಲೇಜೇ. ಅದೇ ವಯಸ್ಸಿನ ಹುಡುಗ ಅಮೆರಿಕದಲ್ಲಿದ್ದರೆ 'ಹೈಸ್ಕೂಲು' ಎನ್ನುತ್ತಾನೆ. ಅಲ್ಲಿ ಹನ್ನೆರಡನೆಯ ತರಗತಿ ಮುಗಿಯುವವರೆಗೆ ಎಲ್ಲವೂ ಶಾಲೆ. ಕಾಲೇಜು ಎಂದರೆ ಪದವಿ.

ಇದು ಬರೀ ಹೆಸರಿನ ವ್ಯತ್ಯಾಸವಲ್ಲ. ಶಾಲೆ ಎಲ್ಲಿ ಮುಗಿಯುತ್ತದೆ, ಕಾಲೇಜು ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ದೇವರು ಎಳೆದಿಲ್ಲ. ಸರಕಾರಗಳು ಎಳೆದಿವೆ, ಬೇಕಾದಾಗ ಅಳಿಸಿ ಬೇರೆ ಕಡೆ ಎಳೆದಿವೆ. ಬೀದರ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಮೆಟ್ರಿಕ್ ಆದವರು ಎರಡು ವರ್ಷ ಇಂಟರ್‌ಮೀಡಿಯೆಟ್ ಓದುತ್ತಿದ್ದರು. ಅದು ವಿಶ್ವವಿದ್ಯಾಲಯದ ಪರೀಕ್ಷೆ. ಈ ಭಾಗದವರಿಗೆ ವಿಶ್ವವಿದ್ಯಾಲಯ ಎಂದರೆ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ. ಅಲ್ಲಿ ಪಾಠ ನಡೆಯುತ್ತಿದ್ದುದು ಉರ್ದುವಿನಲ್ಲಿ. ಇಂಟರ್ ಓದುವ ಹುಡುಗ ಆಗ ನಿಜವಾಗಿಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ.

ಮುಂದೆ ಇಂಟರ್ ಹೋಯಿತು, ಒಂದು ವರ್ಷದ ಪಿಯುಸಿ ಬಂತು. ಅದೂ ವಿಶ್ವವಿದ್ಯಾಲಯದ ಕೈಯಲ್ಲೇ ಇತ್ತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಇಡೀ ದೇಶಕ್ಕೆ ಹತ್ತು, ಎರಡು, ಮೂರರ ಲೆಕ್ಕ ಹೇಳಿತು. ಎಪ್ಪತ್ತರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಪಿಯುಸಿ ಎರಡು ವರ್ಷದ್ದಾಯಿತು, ಬೇರೆ ಮಂಡಳಿಯ ಕೈಗೆ ಬಂತು. 2022ರಲ್ಲಿ ಎಸ್ಸೆಸ್ಸೆಲ್ಸಿ ಮಂಡಳಿ ಮತ್ತು ಪಿಯು ಪರೀಕ್ಷೆ ಎರಡೂ ಕೂಡಿ 'ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ' ಎಂದಾಯಿತು. ಹೆಸರಿನಲ್ಲೇ 'ಶಾಲಾ' ಎಂದಿದೆ. ಅಂದರೆ ಅಜ್ಜನ ಕಾಲದಲ್ಲಿ ವಿಶ್ವವಿದ್ಯಾಲಯವಾಗಿದ್ದ ವರ್ಷ ಮೊಮ್ಮಗನ ಕಾಲಕ್ಕೆ ಕಾಗದದ ಮೇಲೆ ಶಾಲೆಯಾಯಿತು. ಜನರ ಬಾಯಲ್ಲಿ ಮಾತ್ರ ಅದು ಇನ್ನೂ ಕಾಲೇಜು.

ಗೆರೆ ಹೀಗೆ ಸರಿದಾಡುವುದೇ ಆದರೆ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಗೆರೆಯ ಈಚೆಗಿದ್ದಾಗಲೇ ಒಬ್ಬ ವಿದ್ಯಾರ್ಥಿ ಆಚೆಯದನ್ನು ಕಲಿತುಬಿಟ್ಟರೆ? ಆಚೆಗೆ ಹೋದ ಮೇಲೆ ಅದನ್ನೇ ಮತ್ತೆ ಮೊದಲಿನಿಂದ ಕಲಿಯಬೇಕೇ, ಅದಕ್ಕೆ ಮತ್ತೆ ಫೀಸು ಕಟ್ಟಬೇಕೇ?

ಅಮೆರಿಕದವರು ಈ ಪ್ರಶ್ನೆಗೆ ಬಹಳ ಹಿಂದೆಯೇ ಒಂದು ಉತ್ತರ ಕಂಡುಕೊಂಡರು. ಅಲ್ಲಿ ಪದವಿಯನ್ನು ವರ್ಷದಿಂದ ಅಳೆಯುವುದಕ್ಕಿಂತ ಕ್ರೆಡಿಟ್‌ನಿಂದ ಅಳೆಯುತ್ತಾರೆ. ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂರೋ ನಾಲ್ಕೋ ಕ್ರೆಡಿಟ್. ಸುಮಾರು 120 ಕೂಡಿದರೆ ಪದವಿ. 1950ರ ದಶಕದ ನಡುವೆ ಅಲ್ಲಿನ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್' ಪರೀಕ್ಷೆಗಳನ್ನು ಕೈಗೆತ್ತಿಕೊಂಡಿತು. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಗಣಿತವನ್ನೋ ಚರಿತ್ರೆಯನ್ನೋ ಓದಿ ಮೇ ತಿಂಗಳಲ್ಲಿ ಪರೀಕ್ಷೆ ಬರೆದರೆ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ಮೂರು ಅಥವಾ ಅದಕ್ಕೆ ಮೇಲೆ ಬಂದರೆ ಬಹಳಷ್ಟು ಸರಕಾರಿ ವಿಶ್ವವಿದ್ಯಾಲಯಗಳು ಕ್ರೆಡಿಟ್ ಕೊಡುತ್ತವೆ. 1985ರಲ್ಲಿ ಮಿನ್ನೆಸೋಟ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹನ್ನೊಂದು, ಹನ್ನೆರಡನೆಯ ತರಗತಿಯ ಮಕ್ಕಳು ರಾಜ್ಯದ ಖರ್ಚಿನಲ್ಲಿ ಕಾಲೇಜಿಗೇ ಹೋಗಿ ಕುಳಿತು ಓದಬಹುದೆಂದು ಕಾನೂನು ಮಾಡಿತು. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಈ ಲೆಕ್ಕ ಊಟದ ಹೊತ್ತಿನ ಮಾತು. ಕಾಲೇಜಿನ ಫೀಸು ನೋಡಿದರೆ, ಶಾಲೆಯಲ್ಲೇ ಒಂದು ಸೆಮಿಸ್ಟರಿನಷ್ಟು ಕ್ರೆಡಿಟ್ ಗಳಿಸಿದ ಮಗಳು ಅಪ್ಪನಿಗೆ ಸಣ್ಣ ಉಳಿತಾಯವನ್ನೇನೂ ಮಾಡಿಕೊಟ್ಟಿರುವುದಿಲ್ಲ.

ಆದರೆ ಅಲ್ಲಿಯೂ ಎಲ್ಲ ಸಲೀಸಲ್ಲ. ಒಂದು ಕಾಲೇಜು ಕೊಟ್ಟ ಕ್ರೆಡಿಟ್ಟನ್ನು ಇನ್ನೊಂದು ಒಪ್ಪಲೇಬೇಕೆಂದಿಲ್ಲ. ಕಾಲೇಜಿಗೇ ಹೋಗಿ ಓದಿದ ವಿಷಯದಲ್ಲಿ ಕಡಿಮೆ ಅಂಕ ಬಂದರೆ ಅದು ಕಾಲೇಜಿನ ದಾಖಲೆಯಲ್ಲಿ ಉಳಿದುಬಿಡುತ್ತದೆ. ಹದಿನಾರರಲ್ಲಿ ಎಡವಿದ್ದು ಇಪ್ಪತ್ತೆರಡರಲ್ಲೂ ಕಾಣುತ್ತದೆ. ಮೊದಲೇ ಓಡಲು ಹೊರಟವನು ಇದನ್ನೂ ತಿಳಿದಿರಬೇಕು.

ಈಗ ಹುಮನಾಬಾದಿಗೆ ಹೊಂದಿಕೊಂಡೇ ಇರುವ ಮಾಣಿಕನಗರಕ್ಕೆ ಬರೋಣ. ಮಾಣಿಕಪ್ರಭುಗಳು 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿ 1865ರಲ್ಲಿ ಇಲ್ಲಿ ಸಮಾಧಿಸ್ಥರಾದರು. ಸಕಲಮತ ಎಂದು ಅವರ ಸಂಪ್ರದಾಯದ ಹೆಸರು. ಅವರ ಪದಗಳು ಒಂದೇ ಭಾಷೆಯಲ್ಲಿಲ್ಲ. ಮರಾಠಿ, ಕನ್ನಡ, ಹಿಂದಿ, ಉರ್ದು, ಸಂಸ್ಕೃತ ಎಲ್ಲವೂ ಅಲ್ಲಿ ಬರುತ್ತವೆ. ದತ್ತ ಜಯಂತಿಯ ಹೊತ್ತಿಗೆ ಮಾರ್ಗಶಿರದ ಚಳಿಯಲ್ಲಿ ಇಲ್ಲಿ ನಡೆಯುವ ಸಂಗೀತ ದರಬಾರಿಗೆ ದೊಡ್ಡ ದೊಡ್ಡ ಗವಾಯಿಗಳು ಬಂದು ಹಾಡಿದ್ದಾರೆ. ವೇದ ಪಾಠಶಾಲೆ ಇದೆ, ಅಂಧ ಮಕ್ಕಳ ಶಾಲೆ ಇದೆ. ಇಂಥ ಊರಿನ ಮಗು ಶಾಲೆಯ ಪುಸ್ತಕದ ಹೊರಗೇ ಬಹಳಷ್ಟು ಕಲಿಯುತ್ತದೆ. ಮನೆಯಲ್ಲಿ ಒಂದು ಭಾಷೆ, ಓಣಿಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಇದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ಯಾರೂ ಅಂಕ ಕೊಡುವುದಿಲ್ಲ.

ಇಲ್ಲಿನ ಒಂದು ಮನೆಯ ಸಂಗತಿ ನೋಡಿ. ಅಪ್ಪನಿಗೆ ಎರಡೂವರೆ ಎಕರೆ ಹೊಲ. ತೊಗರಿ, ಉದ್ದು, ಈಚೆಗೆ ಸೋಯಾ. ಮಗಳು ಹತ್ತನೆಯ ತರಗತಿ. ಅವಳಿಗೆ ಹಾಡಿನ ಹುಚ್ಚು. ಐದನೆಯ ತರಗತಿಯಲ್ಲಿದ್ದಾಗ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ ಪರೀಕ್ಷೆಗೆ ಕೂತಳು. ಆಮೇಲೆ ವರ್ಷಕ್ಕೊಂದರಂತೆ ಪ್ರವೇಶಿಕಾ ಪ್ರಥಮ, ಪ್ರವೇಶಿಕಾ ಪೂರ್ಣ, ಮಧ್ಯಮಾ ಪ್ರಥಮ. ಒಂಬತ್ತನೆಯ ತರಗತಿಯಲ್ಲಿ ಮಧ್ಯಮಾ ಪೂರ್ಣ. ಇನ್ನು ಉಳಿದದ್ದು ವಿಶಾರದದ ಎರಡು ಮೆಟ್ಟಿಲು. ಪಂಡಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಅವರು ತೀರಿಕೊಂಡ ಮೇಲೆ 1931ರಲ್ಲಿ ಶಿಷ್ಯರು ಮಂಡಲ ಕಟ್ಟಿದರು. ಹಿಂದೂಸ್ತಾನಿ ಸಂಗೀತ ಕಲಿಯುವ ಮಕ್ಕಳಿಗೆ ಉತ್ತರ ಕರ್ನಾಟಕದಲ್ಲಿ ಈ ಪರೀಕ್ಷೆಗಳು ಮನೆಮಾತು. ವಿಶಾರದವನ್ನು ಮಂಡಲದವರು ಪದವಿ ಮಟ್ಟದ್ದೆಂದೇ ಎಣಿಸುತ್ತಾರೆ.

ಅಂದರೆ ಈ ಹುಡುಗಿ ಹನ್ನೆರಡನೆಯ ತರಗತಿ ಮುಗಿಸುವ ಹೊತ್ತಿಗೆ ಸಂಗೀತದಲ್ಲಿ ಪದವಿಯ ಹೊಸ್ತಿಲು ದಾಟಿರುತ್ತಾಳೆ. ಅವಳ ಅಪ್ಪ ಒಮ್ಮೆ ಸಂಗೀತದ ಮಾಸ್ತರನ್ನು ನೇರವಾಗಿಯೇ ಕೇಳಿದ.

'ಮಾಸ್ತರ್, ಇಷ್ಟು ಪರೀಕ್ಷಾ ಪಾಸಾಗ್ಯಾಳ. ಕಾಲೇಜದಾಗ ಇದು ಲೆಕ್ಕಕ್ಕ ಬರ್ತದೇನ್ರಿ?'

'ಬರಬೇಕಂತ ಈಗ ಬರದಾರ. ಬಂದದ್ದು ನಾ ಇನ್ನಾ ನೋಡಿಲ್ಲ' ಎಂದರು ಮಾಸ್ತರು.

ಈ ಎರಡು ಮಾತಿನಲ್ಲಿ ನಮ್ಮ ದೇಶದ ಇಂದಿನ ಸ್ಥಿತಿ ಪೂರ್ತಿ ಅಡಗಿದೆ.

ಸಂಗೀತ ಒಂದೇ ಅಲ್ಲ. ಶಾಲೆಯಲ್ಲಿರುವಾಗಲೇ ಮೇಲಿನ ಮಟ್ಟದ ಪರೀಕ್ಷೆ ಬರೆಯುವ ರೂಢಿ ಕನ್ನಡನಾಡಿಗೆ ಹೊಸದಲ್ಲ. ಗಾಂಧೀಜಿಯವರ ಪ್ರೇರಣೆಯಿಂದ 1918ರಲ್ಲಿ ಮದರಾಸಿನಲ್ಲಿ ಶುರುವಾದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಎಷ್ಟು ತಲೆಮಾರಿನ ಮಕ್ಕಳು ಬರೆದಿಲ್ಲ! ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ಪ್ರವೇಶಿಕಾ, ವಿಶಾರದ, ಪ್ರವೀಣ ಎಂದು ಮೆಟ್ಟಿಲು ಏರುತ್ತ ಹೋಗುವುದು. ಹಾಗೆಯೇ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳು. ಹೈಸ್ಕೂಲಿನ ಹುಡುಗಿಯರು ಸಂಜೆ ಓಣಿಯ ಟೀಚರ ಮನೆಯಲ್ಲಿ ಕೂತು ಹಿಂದಿ ಓದಿ ವಿಶಾರದ ಮುಗಿಸಿ, ಮುಂದೆ ಅದರ ಬಲದಿಂದಲೇ ಹಿಂದಿ ಕಲಿಸುವ ಕೆಲಸ ಹಿಡಿದದ್ದುಂಟು. ಸರಕಾರ ಈ ಪರೀಕ್ಷೆಗಳಿಗೆ ಸಮಾನ ಮಟ್ಟವನ್ನು ಒಪ್ಪಿದ್ದರೂ ಅದು ಹಿಂದಿಯ ತಿಳಿವಳಿಕೆಗೆ ಮಾತ್ರ, ಇಡೀ ಪದವಿಗಲ್ಲ. ಬಿ.ಎ.ಗೆ ಸೇರಿದಾಗ ಪ್ರವೀಣ ಪಾಸಾದವಳೂ ಹಿಂದಿಯನ್ನು ಮೊದಲಿನಿಂದಲೇ ಓದಬೇಕು. ಸರ್ಟಿಫಿಕೇಟು ಗೋಡೆಯ ಮೇಲೆ, ಪಾಠ ಮತ್ತೆ ಬೆಂಚಿನ ಮೇಲೆ.

ಈ ಗೋಡೆಯನ್ನು ಒಡೆಯುವ ಮಾತು ಈಗ ಕಾನೂನಿನ ಭಾಷೆಯಲ್ಲಿ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2021ರಲ್ಲಿ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ಎಂಬುದಕ್ಕೆ ನಿಯಮ ಮಾಡಿತು. 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಹೊರಬಂತು. ಅದರ ಲೆಕ್ಕ ಸರಳ. ವರ್ಷಕ್ಕೆ 1200 ಗಂಟೆ ಕಲಿಕೆ, ಅದಕ್ಕೆ 40 ಕ್ರೆಡಿಟ್. ಅಂದರೆ 30 ಗಂಟೆಗೆ ಒಂದು. ಈ ಲೆಕ್ಕ ಪದವಿಗಷ್ಟೇ ಅಲ್ಲ, ಶಾಲೆಗೂ ಉಂಟು. ಹತ್ತನೆಯ ತರಗತಿ ಮುಗಿಸಿದವನು ಮೂರನೆಯ ಮಟ್ಟ, ಹನ್ನೆರಡು ಮುಗಿಸಿದವನು ನಾಲ್ಕು, ಪಿಎಚ್.ಡಿ. ಎಂಟು. ಪುಸ್ತಕದ ಪಾಠದ ಜೊತೆಗೆ ಆಟ, ಸಂಗೀತ, ಎನ್‌ಸಿಸಿ, ಕಸುಬು, ಕೆಲಸದ ಅನುಭವ ಎಲ್ಲಕ್ಕೂ ಕ್ರೆಡಿಟ್ ಸಿಗಬೇಕೆಂದು ಅದರಲ್ಲಿದೆ. ಒಂದು ಷರತ್ತು ಮಾತ್ರ ಗಟ್ಟಿಯಾಗಿದೆ: ಬರೀ ಹಾಜರಿಗೆ ಕ್ರೆಡಿಟ್ ಇಲ್ಲ, ಪರೀಕ್ಷಿಸಿ ನೋಡಿದ್ದಕ್ಕೆ ಮಾತ್ರ.

ಕನ್ನಡದವರಿಗೆ ಈ ಬ್ಯಾಂಕು ತಿಳಿಯಬೇಕಾದರೆ ಪಿಗ್ಮಿಯನ್ನು ನೆನೆದುಕೊಂಡರೆ ಸಾಕು. 1928ರಲ್ಲಿ ಕರಾವಳಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆಯನ್ನು ಏಜೆಂಟ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗಿ ಖಾತೆಗೆ ಕಟ್ಟುತ್ತಿದ್ದ. ಎರಡಾಣೆಗೆ ಬೆಲೆ ಇಲ್ಲ ಎನ್ನುವವರಿಗೆ ಅದು ವರ್ಷದ ಕೊನೆಗೆ ಏನಾಗುತ್ತದೆಂದು ತೋರಿಸಿಕೊಟ್ಟ ಪದ್ಧತಿ ಅದು. ಕ್ರೆಡಿಟ್ ಬ್ಯಾಂಕಿನ ಆಸೆಯೂ ಅದೇ. ಕಲಿತ ಸಣ್ಣ ಸಣ್ಣದು ಖಾತೆಯಲ್ಲಿ ಬೀಳಬೇಕು. ಊರು ಬಿಟ್ಟರೂ ಕಾಲೇಜು ಬದಲಿಸಿದರೂ ಅದು ನಿನ್ನದೇ ಆಗಿರಬೇಕು. ಆದರೆ ಪಿಗ್ಮಿಗಿಲ್ಲದ ಒಂದು ನಿಯಮ ಇದಕ್ಕಿದೆ. ಇಲ್ಲಿಟ್ಟ ಕ್ರೆಡಿಟ್ ಹೆಚ್ಚೆಂದರೆ ಏಳು ವರ್ಷ. ಆಮೇಲೆ ಅವಧಿ ತೀರುತ್ತದೆ.

ಮಾಣಿಕನಗರದ ಹುಡುಗಿ ದಿನಕ್ಕೊಂದು ಗಂಟೆ ರಿಯಾಜು ಮಾಡುತ್ತಾಳೆನ್ನಿ. ವರ್ಷಕ್ಕೆ 300 ಗಂಟೆ ಹಿಡಿದರೂ ಗಂಟೆಯ ಲೆಕ್ಕದಲ್ಲಿ ಹತ್ತು ಕ್ರೆಡಿಟ್. ಕಾಗದದ ಮೇಲೆ ಇಷ್ಟು ಸುಲಭ. ಅದು ಖಾತೆಗೆ ಬೀಳಬೇಕಾದರೆ ಅವಳ ಶಾಲೆಯ ಮಂಡಳಿ ಆ ಪದ್ಧತಿಗೆ ಸೇರಿರಬೇಕು, ಪರೀಕ್ಷೆ ಮಾಡಿದ ಸಂಸ್ಥೆಗೆ ಮಾನ್ಯತೆ ಇರಬೇಕು, ಮುಂದೆ ಅವಳು ಸೇರುವ ವಿಶ್ವವಿದ್ಯಾಲಯ ಅದನ್ನು ತನ್ನ ಪಠ್ಯಕ್ರಮದಲ್ಲಿ ಒಪ್ಪಬೇಕು. ಮೂರು ಬಾಗಿಲು, ಮೂರೂ ತೆರೆದಿದ್ದರೆ ಮಾತ್ರ ಒಳಗೆ. ಸಿಬಿಎಸ್‌ಇ ತನ್ನ ಕೆಲವು ತರಗತಿಗಳಲ್ಲಿ 2024ರಲ್ಲಿ ಪ್ರಯೋಗಕ್ಕೆ ಕೈಹಾಕಿತು. ಕರ್ನಾಟಕದ ದಾರಿ ಮಾತ್ರ ಎರಡು ಸಲ ತಿರುಗಿತು. ಹೊಸ ಶಿಕ್ಷಣ ನೀತಿಯನ್ನು 2021-22ರಲ್ಲಿ ಪದವಿಗೆ ಎಲ್ಲರಿಗಿಂತ ಮೊದಲು ತಂದ ರಾಜ್ಯ ಇದೇ. 2024-25ರಿಂದ ನಾಲ್ಕು ವರ್ಷದ ಪದವಿ ಬಿಟ್ಟು ಮೂರಕ್ಕೆ ಮರಳಿದ್ದೂ ಇದೇ. ಆದ್ದರಿಂದ ದೆಹಲಿಯ ಪತ್ರಿಕೆಯಲ್ಲಿ ಓದಿದ್ದು ಹುಮನಾಬಾದಿನ ಕಾಲೇಜಿನಲ್ಲಿ ಹಾಗೆಯೇ ಇರುತ್ತದೆಂದು ಪಾಲಕರು ತಿಳಿಯಬಾರದು.

ಇನ್ನು ಮೊಬೈಲಿನಲ್ಲಿ ಬರುವ ಕಾಲೇಜು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ 2003ರಲ್ಲಿ ಎನ್‌ಪಿಟಿಇಎಲ್ ಶುರು ಮಾಡಿದವು. 2017ರಲ್ಲಿ ಕೇಂದ್ರ ಸರಕಾರದ 'ಸ್ವಯಂ' ಬಂತು. ಪಾಠ ನೋಡಲು ಕಾಸಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಪದವಿ ಕಾಲೇಜಿಗೆ ಸೇರಿದವರು ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡ 40ರವರೆಗೆ ಸ್ವಯಂನಲ್ಲಿ ಮಾಡಬಹುದೆಂದು ಆಯೋಗದ ನಿಯಮ ಹೇಳುತ್ತದೆ. ಶಾಲೆಯ ಹುಡುಗನೂ ಆ ಪಾಠ ಕೇಳಬಹುದು, ಕಲಿಯಬಹುದು. ಆದರೆ ಕಾಲೇಜಿನ ರಿಜಿಸ್ಟರಿನಲ್ಲಿ ಹೆಸರಿಲ್ಲದವನಿಗೆ ಸಿಗುವುದು ಸರ್ಟಿಫಿಕೇಟು. ಅದು ಕ್ರೆಡಿಟ್ ಆಗುವುದು ಮುಂದಿನ ಕಾಲೇಜಿನ ಮನಸ್ಸಿನ ಮೇಲೆ.

ಮದ್ರಾಸ್ ಐಐಟಿಯ ಡೇಟಾ ಸೈನ್ಸ್ ಆನ್‌ಲೈನ್ ಪದವಿಯ ವಿಷಯದಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. 2020ರಲ್ಲಿ ಪ್ರಕಟವಾದ ಈ ಕೋರ್ಸಿಗೆ ಹನ್ನೊಂದನೆಯ ತರಗತಿಯ ಪರೀಕ್ಷೆ ಬರೆದವರೂ ಅರ್ಜಿ ಹಾಕಬಹುದು. ನಾಲ್ಕು ವಾರದ ಪಾಠ ಓದಿ ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ ಖಾತ್ರಿ. ಆದರೆ ಕೋರ್ಸು ಶುರುವಾಗುವುದು ಹನ್ನೆರಡು ಮುಗಿದ ಮೇಲೆ. ಶಾಲೆಯಲ್ಲಿದ್ದಾಗ ಸಿಕ್ಕಿದ್ದು ಸೀಟು, ಕ್ರೆಡಿಟ್ ಅಲ್ಲ. ಬಡ ಮನೆಯ ಮತ್ತು ಪರಿಶಿಷ್ಟ ವರ್ಗಗಳ ಮಕ್ಕಳಿಗೆ ಫೀಸಿನಲ್ಲಿ ಮುಕ್ಕಾಲು ಪಾಲಿನವರೆಗೂ ರಿಯಾಯಿತಿ ಇದೆ ಎಂಬುದನ್ನು ಮಾತ್ರ ಈ ಕಡೆಯ ಪಾಲಕರು ಗಮನಿಸಬೇಕು.

ಹಾಗಾದರೆ ಶಾಲೆ ಬಿಟ್ಟ ಮೇಲಿನ ಓದು ಪದವಿಯ ಲೆಕ್ಕಕ್ಕೆ ನಿಜವಾಗಿ ಬರುವ ದಾರಿ ಯಾವುದೂ ಇಲ್ಲವೇ? ಇದೆ. ಬಹಳ ವರ್ಷದಿಂದ ಕಣ್ಣೆದುರೇ ಇದೆ. ಹತ್ತನೆಯ ತರಗತಿ ಮುಗಿಸಿ ಪಾಲಿಟೆಕ್ನಿಕ್ ಸೇರಿದವನು ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುತ್ತಾನೆ. ಮೊದಲ ವರ್ಷ ಮಾಫಿ. ಎರಡು ವರ್ಷದ ಐಟಿಐ ಮಾಡಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುತ್ತಾನೆ. ಹದಿಹರೆಯದಲ್ಲಿ ಕಲಿತದ್ದನ್ನು ಮೇಲಿನ ಕೋರ್ಸು ತಲೆಬಾಗಿ ಒಪ್ಪಿಕೊಂಡ ನಮ್ಮದೇ ಉದಾಹರಣೆ ಇದು.

ವರ್ಷಗಳನ್ನು ಕೂಡಿಸಿ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಪಿಯುಸಿ ದಾರಿಯಲ್ಲಿ ಎರಡು ಮತ್ತು ನಾಲ್ಕು, ಒಟ್ಟು ಆರು. ಡಿಪ್ಲೊಮಾ ದಾರಿಯಲ್ಲಿ ಮೂರು ಮತ್ತು ಮೂರು, ಅದೂ ಆರೇ. ಒಂದು ದಿನವೂ ಉಳಿಯಲಿಲ್ಲ. ಹಾಗಾದರೆ ಲಾಭವೇನು? ಮೂರನೆಯ ವರ್ಷದ ಕೊನೆಗೆ ಅಪ್ಪ ಹಾಸಿಗೆ ಹಿಡಿದರೂ, ಮಳೆ ಕೈಕೊಟ್ಟರೂ ಡಿಪ್ಲೊಮಾದವನ ಕೈಯಲ್ಲಿ ಕೆಲಸ ಕೊಡಿಸುವ ಕಾಗದ ಇರುತ್ತದೆ. ಪಿಯುಸಿ ಮುಗಿಸಿ ಎಂಜಿನಿಯರಿಂಗಿನ ಮೊದಲ ವರ್ಷಕ್ಕೇ ಬಿಟ್ಟವನ ಕೈಯಲ್ಲಿ ಕೆಲಸ ಕೊಡಿಸುವ ಕಾಗದ ಇರುವುದಿಲ್ಲ. ಕ್ರೆಡಿಟ್‌ನ ನಿಜವಾದ ಬೆಲೆ ಓಡುವವನಿಗಿಂತ ನಿಲ್ಲಬೇಕಾಗಿ ಬಂದವನಿಗೆ ಹೆಚ್ಚು.

ಮಾಣಿಕನಗರದ ಅದೇ ಮನೆಯಲ್ಲಿ ಇದಕ್ಕೂ ಸಾಕ್ಷಿ ಇದೆ. ಹುಡುಗಿಯ ಅಣ್ಣ ಪಿಯುಸಿ ಎರಡನೆಯ ವರ್ಷದಲ್ಲಿ ಗಣಿತದಲ್ಲಿ ಹೋದ. ಉಳಿದ ಐದು ವಿಷಯ ಪಾಸು. ಮನೆಯಲ್ಲಿ ಯಾರೂ ಆ ಐದನ್ನು ಎಣಿಸಲಿಲ್ಲ. 'ಫೇಲಾದ' ಎಂಬ ಒಂದು ಮಾತು ಉಳಿಯಿತು. ಹುಡುಗ ನಾಚಿಕೆಯಿಂದ ಬಸವಕಲ್ಯಾಣದ ಆಟೋನಗರಕ್ಕೆ ಹೋಗಿ ಲಾರಿ ಬಾಡಿ ಕಟ್ಟುವ ಕಡೆ ವೆಲ್ಡಿಂಗ್ ಹಿಡಿದ. ಈಗ ಕೈ ಪಳಗಿದೆ. ಲಾರಿಯ ಕ್ಯಾಬಿನ್ನಿಗೆ ತಗಡು ಬಾಗಿಸುವಾಗ ಅವನು ಕೋನ ಅಳೆಯುವುದನ್ನು ನೋಡಿದರೆ ಗಣಿತ ಬಾರದವನೆಂದು ಯಾರೂ ಹೇಳಲಾರರು. ತಂಗಿಯ ಸರ್ಟಿಫಿಕೇಟುಗಳಿಗೆ ಫ್ರೇಮು ಹಾಕಿಸಿಕೊಟ್ಟವನೂ ಅವನೇ.

'ನಿನ್ನವ ಐದು ಪಾಸಾಗ್ಯಾವಲ್ಲಣ್ಣ, ಒಂದೇ ಕಟ್ಟಿದ್ರ ಸಾಕಲ್ಲ?' ಎಂದು ತಂಗಿ ಒಂದು ದಿನ ಕೇಳಿದಳು.

'ಯಾರಿಗಿ ಬೇಕಾಗ್ಯಾವ ಬಿಡವ್ವ' ಎಂದ.

ಬೇಕಾಗಿವೆ. ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ ಎಂಬುದು ನಮ್ಮ ಮಂಡಳಿಯಲ್ಲಿ ಮೊದಲಿನಿಂದಲೂ ಇರುವ ನಿಯಮ. ಆ ಹೆಸರಿಡದಿದ್ದರೂ ಅದೂ ಕ್ರೆಡಿಟ್ಟೇ. 2024ರಿಂದ 'ಪೂರಕ ಪರೀಕ್ಷೆ' ಎಂಬ ಚುಚ್ಚುವ ಹೆಸರೂ ಹೋಗಿ ಪರೀಕ್ಷೆ-1, ಪರೀಕ್ಷೆ-2 ಎಂದು ವರ್ಷದಲ್ಲೇ ಮತ್ತೆ ಅವಕಾಶ ಕೊಡುವ ಪದ್ಧತಿ ಬಂದಿದೆ. ಅದೂ ಬೇಡವಾದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. 1989ರಲ್ಲಿ ಶುರುವಾದ ಈ ಸಂಸ್ಥೆ ಬೇರೆ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗೆ ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಉಳಿದದ್ದನ್ನು ಐದು ವರ್ಷದಲ್ಲಿ ಒಂಬತ್ತು ಅವಕಾಶದೊಳಗೆ ಒಂದೊಂದಾಗಿ ಮುಗಿಸಬಹುದು. ಇನ್ನು ಕೆಲಸದಲ್ಲಿ ಕಲಿತ ವೆಲ್ಡಿಂಗಿಗೂ ಪರೀಕ್ಷೆ ಮಾಡಿ ಮಾನ್ಯತೆ ಕೊಡಬೇಕೆಂದು ಹೊಸ ಚೌಕಟ್ಟು ಹೇಳುತ್ತದೆ. ಆಟೋನಗರದಲ್ಲಿ ಬೆವರು ಸುರಿಸುವ ಹುಡುಗರಿಗೆ ಈ ಮಾತು ತಲುಪಿಸುವವರು ಯಾರು ಎಂಬುದೇ ಪ್ರಶ್ನೆ.

ಹುಡುಗಿಯ ಮುಂದಿರುವ ತೊಡಕು ಬೇರೆ. 'ಪಿಯುಸಿ ಮುಗೀಲಿ, ಆಮ್ಯಾಲ ನೋಡೂಣು' ಎಂದು ಅವ್ವ ಹೇಳುತ್ತಾಳೆ. ಆ 'ನೋಡೂಣು' ಎಂದರೆ ಏನೆಂದು ಈ ಭಾಗದ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಮದುವೆಯಾಗಿ ಹೋದ ಊರಿನಲ್ಲಿ ಓದು ಮುಂದುವರಿದರೆ ಪುಣ್ಯ. ಅಂಥವಳಿಗೆ ಹದಿನೆಂಟರೊಳಗೆ ಗಳಿಸಿದ ಪ್ರತಿಯೊಂದು ಕಾಗದವೂ ತವರಿನ ಬಂಗಾರದಂಥದು. ಸೊಲ್ಲಾಪುರಕ್ಕೆ ಹೋಗಲಿ, ಜಹೀರಾಬಾದಿಗೆ ಹೋಗಲಿ, ಅವಳ ಖಾತೆ ಅವಳ ಹೆಸರಿನಲ್ಲೇ ಇದ್ದು, ಮಗು ಶಾಲೆಗೆ ಹೋಗುವ ಹೊತ್ತಿಗೆ ಅಲ್ಲಿಯ ಕಾಲೇಜು ಅದನ್ನು ಒಪ್ಪಿದರೆ ಮಾತ್ರ ಈ ಬ್ಯಾಂಕಿಗೆ ಅರ್ಥ. ಏಳು ವರ್ಷದ ಅವಧಿ ಎಂಬುದು ಎಷ್ಟು ಕಡಿಮೆ ಎಂದು ಆಗ ತಿಳಿಯುತ್ತದೆ.

ಇಷ್ಟಾದ ಮೇಲೆ ಪಾಲಕರಿಗೆ ಒಂದೆರಡು ಮಾತು. ಕ್ರೆಡಿಟ್ ಎಂಬ ಶಬ್ದಕ್ಕೆ ಈಗ ಸಂತೆಯಲ್ಲಿ ಬೆಲೆ ಬಂದಿದೆ. 'ಎಂಟನೆಯ ತರಗತಿಯಿಂದಲೇ ಕಾಲೇಜು ಕ್ರೆಡಿಟ್ ಕೊಡಿಸುತ್ತೇವೆ' ಎಂದು ಬಣ್ಣದ ಕಾಗದ ಹಂಚುವವರು ಬಂದಾರು. ಹಣ ಕೊಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಪರೀಕ್ಷೆ ಮಾಡುವವರು ಯಾರು? ಅವರಿಗೆ ಮಾನ್ಯತೆ ಕೊಟ್ಟವರು ಯಾರು? ಕ್ರೆಡಿಟ್ ಯಾವ ಖಾತೆಯಲ್ಲಿ ಬೀಳುತ್ತದೆ, ಎಷ್ಟು ವರ್ಷ ಇರುತ್ತದೆ? ಮಗು ಸೇರಬೇಕೆಂದಿರುವ ವಿಶ್ವವಿದ್ಯಾಲಯ ಅದನ್ನು ಬರೆದುಕೊಟ್ಟು ಒಪ್ಪುತ್ತದೆಯೇ? ಕೊನೆಯ ಪ್ರಶ್ನೆಯನ್ನು ಕಾಗದ ಹಂಚುವವನಿಗೆ ಕೇಳಬೇಡಿ, ವಿಶ್ವವಿದ್ಯಾಲಯದ ಕಚೇರಿಗೇ ಕೇಳಿ. ಬೀದರಿಗೂ ಈಗ ಸ್ವಂತ ವಿಶ್ವವಿದ್ಯಾಲಯ ಬಂದಿದೆ. 1980ರಿಂದ ಇರುವ ಗುಲ್ಬರ್ಗ ವಿಶ್ವವಿದ್ಯಾಲಯವೂ ದೂರವಲ್ಲ. ಶಾಲೆಯಲ್ಲಿ ಹನ್ನೆರಡಂಕಿಯ 'ಅಪಾರ್' ಗುರುತು ಮಾಡಿಸುವಾಗ ಪಾಲಕರ ಒಪ್ಪಿಗೆ ಕೇಳುತ್ತಾರೆ. ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ಆಗಲೇ ನೋಡಿಕೊಳ್ಳಿ. ಒಂದು ಅಕ್ಷರ ತಪ್ಪಿದರೆ ಮುಂದೆ ಖಾತೆ ಒಬ್ಬರದು, ಕಲಿತವರು ಇನ್ನೊಬ್ಬರು ಆದೀತು.

ವಿದ್ಯಾರ್ಥಿಗಳಿಗೂ ಒಂದು ಮಾತು. ಮೊದಲೇ ಕಲಿಯುವುದು ಬೇರೆ, ಮೊದಲೇ ಮುಗಿಸುವುದು ಬೇರೆ. ವರ್ಷ ಉಳಿಸಬೇಕೆಂದು ಹತ್ತನೆಯ ತರಗತಿಯಲ್ಲೇ ಮೂರು ಕೋರ್ಸು ತಲೆಗೆ ಹಾಕಿಕೊಂಡು ಹತ್ತನೆಯದನ್ನೇ ಕೆಡಿಸಿಕೊಂಡರೆ ಉಳಿದದ್ದೇನು? ಇಷ್ಟಪಟ್ಟು ಕಲಿಯುವ ಒಂದು ವಿಷಯ ಇರಲಿ. ಹಾಡಾಗಲಿ, ಹಿಂದಿಯಾಗಲಿ, ಕಂಪ್ಯೂಟರಾಗಲಿ. ಅದರ ಮೆಟ್ಟಿಲನ್ನು ವರ್ಷಕ್ಕೊಂದರಂತೆ ಹತ್ತಿ. ಅಂಕಪಟ್ಟಿ, ಸರ್ಟಿಫಿಕೇಟು ಒಂದೂ ಬಿಡದೆ ಜೋಪಾನ ಮಾಡಿ. ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಲ ನಿಮ್ಮ ಕಾಲೇಜಿನ ದಿನಗಳಲ್ಲೇ ಬರಬಹುದು, ಆಗ ತೋರಿಸಲು ಕೈಯಲ್ಲಿ ಏನಾದರೂ ಇರಬೇಕು.

ಪರೀಕ್ಷೆ ನಡೆಸುವವರ ಮೇಲೂ ಒಂದು ಹೊಣೆ ಇದೆ. ಒಂದು ಮಗು ಕಲಿತಿದೆ ಎಂದು ಒಂದು ಸಲ ಪರೀಕ್ಷಿಸಿ ಒಪ್ಪಿದ ಮೇಲೆ ಅದೇ ಪ್ರಶ್ನೆಯನ್ನು ಇನ್ನೊಂದು ಬಾಗಿಲಲ್ಲಿ ನಿಲ್ಲಿಸಿ ಮತ್ತೆ ಕೇಳುವುದು ಆ ಮಗುವಿನ ವರ್ಷಗಳಿಗೆ ಬೆಲೆ ಕೊಡದಂತೆ. ಎರಡೂವರೆ ಎಕರೆಯ ಮನೆಯಲ್ಲಿ ಒಂದು ವರ್ಷ ಎಂದರೆ ಒಂದು ಬೆಳೆ, ಒಂದು ಸಾಲ, ಒಬ್ಬ ಮಗಳ ಓದು. ಮಾಣಿಕನಗರದ ಹುಡುಗಿ ಈ ವರ್ಷ ಹತ್ತನೆಯ ತರಗತಿಯ ಜೊತೆಗೆ ವಿಶಾರದ ಪ್ರಥಮಕ್ಕೂ ಅರ್ಜಿ ತುಂಬಿದ್ದಾಳೆ. ಅವಳ ಅಣ್ಣ ಗಣಿತದ ಒಂದು ಪೇಪರಿಗೆ ಫೀಸು ಕಟ್ಟಿದ್ದಾನೆ. ಎರಡೂ ರಸೀದಿಯನ್ನು ಅಪ್ಪ ಹೊಲದ ಪಹಣಿಯ ಜೊತೆಗೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದಾನೆ.